ಮೀಟರ್ ಕತ್ತಲಾಯಿತೇ? ಇಳಿದು ಗಾಡಿಯ ಹಿಂದೆ ನೋಡಿ

ಕಬ್ಬಿನ ಹಂಗಾಮು ಶುರುವಾಯಿತೆಂದರೆ ಅಫಜಲಪುರ, ಆಳಂದ ತಾಲ್ಲೂಕಿನ ರಸ್ತೆಗಳಲ್ಲಿ ರಾತ್ರಿ ಗಾಡಿ ಓಡಿಸಲು ಎದೆಗಾರಿಕೆ ಬೇಕು. ಹಾವಳಗಾ, ಭೂಸನೂರು ಕಾರ್ಖಾನೆಗಳ ಕಡೆ ಎರಡೆರಡು ಟ್ರಾಲಿ ಕಟ್ಟಿಕೊಂಡು ಹೊರಟ ಟ್ರ್ಯಾಕ್ಟರ್‌ಗಳಿಗೆ ಎಷ್ಟೋ ಸಲ ಹಿಂದೆ ಕೆಂಪು ದೀಪವೇ ಇರುವುದಿಲ್ಲ. ಅದರ ಬಗ್ಗೆ ಎಲ್ಲರೂ ಮಾತಾಡುತ್ತೇವೆ, ಮಾತಾಡಲೇಬೇಕು. ಆದರೆ ನಮ್ಮದೇ ಕಾರು, ಬೊಲೆರೊ, ಕ್ರೂಸರ್‌ಗಳ ಹಿಂದಿನ ದೀಪ ಹತ್ತಿದೆಯೋ ಇಲ್ಲವೋ ಎಂಬುದು ಸ್ಟೀರಿಂಗ್ ಹಿಡಿದು ಕೂತವರ ಕಣ್ಣಿಗೆ ಬೀಳುವುದಿಲ್ಲ. ಅದನ್ನು ಮುಂದೆ ಕೂತಲ್ಲೇ ತಿಳಿಸುವ ಸುಳಿವು ಒಂದಿದೆ. ಮೀಟರ್ ಹಿಂದಿನ ಬೆಳಕು.

ಹೆಡ್‌ಲೈಟ್ ಉರಿಯುತ್ತಿದೆ, ರಸ್ತೆ ಕಾಣುತ್ತಿದೆ, ಸ್ಪೀಡೋಮೀಟರ್ ಮಾತ್ರ ಕತ್ತಲು. ಇಂಥ ಹೊತ್ತಿನಲ್ಲಿ ಹೆಚ್ಚಿನವರು ‘ಬಲ್ಬ್ ಹೋಗ್ಯಾದ, ನಾಳೆ ನೋಡಿದ್ರಾಯ್ತು’ ಎಂದು ಮುಂದಕ್ಕೆ ಹೋಗುತ್ತಾರೆ. ಅಲ್ಲೇ ಅಪಾಯ ಇರುವುದು. ಬಹುತೇಕ ಗಾಡಿಗಳಲ್ಲಿ ಡ್ಯಾಶ್‌ಬೋರ್ಡ್ ಬೆಳಕಿಗೆ ಕರೆಂಟ್ ಬರುವುದು ಪಾರ್ಕಿಂಗ್ ಲೈಟಿನ ಲೈನಿನಿಂದ. ಲೈಟ್ ಸ್ವಿಚ್ಚನ್ನು ಮೊದಲ ಹಂತಕ್ಕೆ ತಿರುವಿದಾಗ ಹತ್ತುವ ಮುಂದಿನ ಸಣ್ಣ ದೀಪ, ಹಿಂದಿನ ಟೇಲ್ ಲ್ಯಾಂಪ್, ನಂಬರ್ ಪ್ಲೇಟ್ ದೀಪ, ಮೀಟರ್ ಮತ್ತು ಎಸಿ ಗುಂಡಿಗಳ ಹಿಂದಿನ ಬೆಳಕು ಎಲ್ಲವೂ ಒಂದೇ ಕುಟುಂಬ. ಹೆಡ್‌ಲೈಟಿನ ದಾರಿ ಬೇರೆ, ಅದರ ಫ್ಯೂಸ್ ಬೇರೆ. ಹಾಗಾಗಿ ಪಾರ್ಕಿಂಗ್ ಲೈನಿನ ಫ್ಯೂಸ್ ಸುಟ್ಟರೆ ಮುಂದೆ ರಸ್ತೆ ಹಗಲಿನಂತೆ ಕಾಣುತ್ತಿರುತ್ತದೆ, ಹಿಂದೆ ಗಾಡಿ ಕತ್ತಲಲ್ಲಿ ಮುಳುಗಿರುತ್ತದೆ. ಕೆಲವು ಗಾಡಿಗಳಲ್ಲಿ ಎಡಕ್ಕೊಂದು ಬಲಕ್ಕೊಂದು ಫ್ಯೂಸ್ ಇದ್ದು, ಮೀಟರ್ ಬೆಳಕು ಅವೆರಡರಲ್ಲಿ ಒಂದಕ್ಕೆ ಸೇರಿರುತ್ತದೆ. ಆಗ ಒಂದು ಬದಿಯ ಟೇಲ್ ಲ್ಯಾಂಪ್ ಆರುತ್ತದೆ, ಹಿಂದಿನಿಂದ ಬರುವವನಿಗೆ ಕಾರು ಬೈಕಿನಂತೆ ಕಾಣುತ್ತದೆ. ಸೂರ್ಯ ಮುಳುಗಿ ಅರ್ಧ ಗಂಟೆಯಾದ ಮೇಲೆ ಹಿಂದೆ ಕೆಂಪು ದೀಪವಿಲ್ಲದೆ ರಸ್ತೆಗಿಳಿಯುವಂತಿಲ್ಲ ಎಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳೇ ಹೇಳುತ್ತವೆ. ಮೀಟರ್ ಕತ್ತಲಾದ ಕೂಡಲೇ ಗಾಡಿ ಬದಿಗೆ ಹಾಕಿ, ಇಳಿದು ಹಿಂದಕ್ಕೆ ಹೋಗಿ ನೋಡುವುದಕ್ಕೆ ಎರಡು ನಿಮಿಷ ಸಾಕು.

ಹೊಸ ಕಾರುಗಳಲ್ಲಿ ಈ ಸುಳಿವು ಉಲ್ಟಾ ಆಗಿದೆ, ಅದು ಇನ್ನೂ ಮೋಸ. ಕೀ ಆನ್ ಮಾಡಿದರೆ ಸಾಕು, ಹಗಲಿರಲಿ ರಾತ್ರಿಯಿರಲಿ, ಡಿಜಿಟಲ್ ಮೀಟರ್ ಝಗಮಗ ಎನ್ನುತ್ತದೆ. ಮುಂದೆ ಹಗಲು ದೀಪಗಳೂ ಉರಿಯುತ್ತವೆ. ಊರೊಳಗೆ ಬೀದಿ ದೀಪದ ಬೆಳಕೂ ಇರುವುದರಿಂದ ಲೈಟ್ ಹಾಕಿದ್ದೇನೆ ಎಂದುಕೊಂಡೇ ಚಾಲಕ ಹೊರಡುತ್ತಾನೆ. ಹಿಂದಿನ ದೀಪ ಆರಿರುತ್ತದೆ. ಇಂಥ ಕಾರಿನವರು ಮೀಟರಿನ ಬೆಳಕನ್ನು ನಂಬದೆ, ಪಾರ್ಕಿಂಗ್ ಲೈಟಿನ ಪುಟ್ಟ ಹಸಿರು ಗುರುತು ಹತ್ತಿದೆಯೇ ಎಂದು ನೋಡುವ ರೂಢಿ ಮಾಡಿಕೊಳ್ಳಬೇಕು.

ಫ್ಯೂಸ್ ಹುಡುಕುವ ಮೊದಲು ಇನ್ನೊಂದು ಸಣ್ಣ ವಿಷಯ. ಮೀಟರಿನ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಡಿಮ್ಮರ್ ಎಂಬ ಚಕ್ರವೋ ಗುಂಡಿಯೋ ಹಲವು ಕಾರುಗಳಲ್ಲಿರುತ್ತದೆ. ಮಕ್ಕಳು ಮುಂದೆ ಕೂತು ಆಡುವಾಗ ಅದು ಪೂರಾ ಕೆಳಗೆ ತಿರುಗಿರಬಹುದು. ಟೇಲ್ ಲ್ಯಾಂಪ್ ಚೆನ್ನಾಗಿ ಹತ್ತುತ್ತಿದ್ದು ಮೀಟರ್ ಒಂದೇ ಕತ್ತಲಾಗಿದ್ದರೆ ಮೊದಲು ಆ ಚಕ್ರ ತಿರುವಿ ನೋಡಿ. ಹಳೆಯ ಡಿಮ್ಮರ್‌ಗಳಲ್ಲಿ ಒಳಗಿನ ತಂತಿಯ ಮೇಲೆ ಧೂಳು ಕೂತು ಒಂದು ಜಾಗದಲ್ಲಿ ಬೆಳಕು ಬಂದು ಇನ್ನೊಂದು ಜಾಗದಲ್ಲಿ ಹೋಗುವುದೂ ಉಂಟು. ನಾಲ್ಕಾರು ಸಲ ಅತ್ತಿತ್ತ ತಿರುವಿದರೆ ಸರಿಹೋದೀತು.

ಇನ್ನು ನಮ್ಮ ಭಾಗದ ಗಾಡಿಗಳಲ್ಲಿ ಪದೇಪದೇ ಕಾಣುವ ಕಾಯಿಲೆಗೆ ಬರೋಣ. ಜೇವರ್ಗಿಯ ಒಂದು ವೈರಿಂಗ್ ಅಂಗಡಿಯಲ್ಲಿ ನಾನು ಕಂಡದ್ದು ಇದು. ಹತ್ತು ವರ್ಷ ದಾಟಿದ ಒಂದು ಬೊಲೆರೊ ಬಂದಿತ್ತು. ಎಡಗಡೆ ಇಂಡಿಕೇಟರ್ ಹಾಕಿದರೆ ಮೀಟರಿನ ಬೆಳಕೂ ಅದರ ತಾಳಕ್ಕೆ ಮಿಣುಕುತ್ತಿತ್ತು. ಲೈಟ್ ಹಾಕಿದರೆ ಡೀಸೆಲ್ ಮುಳ್ಳು ಕೆಳಗಿಳಿಯುತ್ತಿತ್ತು, ಬ್ರೇಕ್ ಒತ್ತಿದರೆ ಕೈಬ್ರೇಕಿನ ಕೆಂಪು ದೀಪ ಮಂದವಾಗಿ ಬೆಳಗುತ್ತಿತ್ತು. ಮಾಲೀಕರಿಗೆ ಬೇರೆಡೆ ಯಾರೋ ಹೊಸ ಮೀಟರ್ ಹಾಕಿಸಲು ಹೇಳಿದ್ದರು. ಉಸ್ತಾದ್ ಮೀಟರಿಗೆ ಕೈಯನ್ನೇ ಹಚ್ಚಲಿಲ್ಲ. ಕ್ಲಚ್ ಪೆಡಲಿನ ಪಕ್ಕ, ಕಾಲಿನ ಕೆಳಗಿನ ಪ್ಲಾಸ್ಟಿಕ್ ಹಲಗೆ ಬಿಚ್ಚಿದ. ಅಲ್ಲಿ ನಾಲ್ಕೈದು ಕಪ್ಪು ವೈರುಗಳನ್ನು ಒಂದೇ ಬೋಲ್ಟಿಗೆ ಸೇರಿಸಿ ಬಾಡಿಗೆ ಬಿಗಿದಿದ್ದರು. ಬೋಲ್ಟಿನ ಸುತ್ತ ಹಸಿರು ಕಿಲುಬು, ಅದರಡಿ ಕಂದು ತುಕ್ಕು. ‘ಮೀಟರ್ ಕೆಟ್ಟಿಲ್ರಿ ಕಾಕಾ, ಅರ್ಥಿಂಗ್ ಹೋಗ್ಯಾದ. ಹೊಸಾ ಮೀಟರ್ ಹಾಕಿದ್ರ ಅದೂ ಹಿಂಗೇ ಮಾಡ್ತದ’ ಎಂದ. ಬೋಲ್ಟ್ ಬಿಚ್ಚಿ, ವೈರಿನ ಉಂಗುರಗಳನ್ನೂ ಬಾಡಿಯ ತಗಡನ್ನೂ ಪಾಲಿಶ್ ಕಾಗದದಿಂದ ಹೊಳೆಯುವ ತನಕ ಉಜ್ಜಿ, ಮತ್ತೆ ಬಿಗಿದು, ಮೇಲೆ ಸ್ವಲ್ಪ ಗ್ರೀಸ್ ಸವರಿದ. ಮೂರೂ ರೋಗ ಒಟ್ಟಿಗೇ ವಾಸಿಯಾದವು.

ಇದು ಹೇಗಾಗುತ್ತದೆಂದು ತಿಳಿದರೆ ಅರ್ಧ ರಿಪೇರಿ ಮುಗಿದ ಹಾಗೆ. ಕಾರಿನಲ್ಲಿ ಬ್ಯಾಟರಿಯ ಪಾಸಿಟಿವ್‌ನಿಂದ ಮಾತ್ರ ವೈರು ಪ್ರತಿ ದೀಪಕ್ಕೂ ಹೋಗುತ್ತದೆ. ವಾಪಸ್ ಬರುವ ದಾರಿ ಬಾಡಿಯ ತಗಡು. ಕಾಲುವೆಗೆ ನೀರು ಬಿಟ್ಟು ಮುಂದಿನ ತೂಬು ಮುಚ್ಚಿದರೆ ನೀರು ಪಕ್ಕದ ಹೊಲಕ್ಕೆ ನುಗ್ಗುವಂತೆ, ವಾಪಸ್ ದಾರಿ ಕಟ್ಟಿದಾಗ ಕರೆಂಟು ಸುಮ್ಮನೆ ನಿಲ್ಲುವುದಿಲ್ಲ. ಇಂಡಿಕೇಟರ್ ಬಲ್ಬಿಗೆ ಬಂದ ಕರೆಂಟು ಅರ್ಥಿಂಗ್ ಸಿಗದೆ ಮೀಟರಿನ ಬಲ್ಬಿನ ತಂತಿಯೊಳಗೆ ಹಿಮ್ಮುಖವಾಗಿ ಹರಿದು, ಬೇರೊಂದು ದೀಪದ ಮೂಲಕ ಬಾಡಿಗೆ ಇಳಿಯುತ್ತದೆ. ಆದ್ದರಿಂದಲೇ ಸಂಬಂಧವೇ ಇಲ್ಲದ ಎರಡು ದೀಪಗಳು ಒಂದಕ್ಕೊಂದು ಜೋಡಿಯಾಗಿ ಕುಣಿಯುತ್ತವೆ. ಒಂದು ಸ್ವಿಚ್ ಹಾಕಿದರೆ ಇನ್ನೊಂದು ದೀಪ ಪ್ರತಿಕ್ರಿಯಿಸುತ್ತದೆ ಎಂದರೆ ಮೊದಲ ಅನುಮಾನ ಅರ್ಥಿಂಗ್ ಮೇಲೆ ಇರಲಿ. ಡೀಸೆಲ್ ಮುಳ್ಳು, ಟೆಂಪರೇಚರ್ ಮುಳ್ಳು ಎರಡೂ ಒಂದೇ ದಿನ ತಪ್ಪು ತೋರಿಸತೊಡಗಿದರೂ ಅಷ್ಟೇ. ಟ್ಯಾಂಕಿನಲ್ಲಿರುವ ಸೆನ್ಸರ್, ಎಂಜಿನ್ನಿನಲ್ಲಿರುವ ಸೆನ್ಸರ್ ಒಂದೇ ದಿನ ಕೆಡುವುದು ಬಹಳ ಅಪರೂಪ. ಎರಡಕ್ಕೂ ಸಮಾನವಾದ ಜಾಗವನ್ನು ಹುಡುಕಬೇಕು.

ಅಳೆದು ನೋಡುವ ದಾರಿಯೂ ಸುಲಭ. ಮಲ್ಟಿಮೀಟರನ್ನು ಡಿಸಿ 20 ವೋಲ್ಟಿಗೆ ತಿರುವಿ, ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಮೊಳೆಗೆ, ಇನ್ನೊಂದು ಅನುಮಾನವಿರುವ ಅರ್ಥಿಂಗ್ ಉಂಗುರಕ್ಕೆ ಹಿಡಿಯಬೇಕು. ಲೈಟು, ಬ್ರೇಕು, ಇಂಡಿಕೇಟರ್ ಎಲ್ಲ ಹಾಕಿರಬೇಕು, ಏಕೆಂದರೆ ಕರೆಂಟು ಹರಿಯದಿದ್ದರೆ ಕೆಟ್ಟ ಜಾಯಿಂಟ್ ಕೂಡ ಒಳ್ಳೆಯದರಂತೆಯೇ ಕಾಣುತ್ತದೆ. ಮಲ್ಟಿಮೀಟರ್ 0.1 ವೋಲ್ಟಿನ ಆಸುಪಾಸು ತೋರಿಸಿದರೆ ಜಾಯಿಂಟ್ ಸರಿ. ಅರ್ಧ ವೋಲ್ಟ್, ಒಂದು ವೋಲ್ಟ್ ಬಂತೆಂದರೆ ಕಳ್ಳ ಸಿಕ್ಕ. ಜಾಯಿಂಟ್ ಬಿಚ್ಚುವ ಮುನ್ನವೇ ಖಾತ್ರಿ ಬೇಕಿದ್ದರೆ ಒಂದು ದಪ್ಪ ವೈರನ್ನು ಆ ಜಾಗದಿಂದ ನೇರ ಬ್ಯಾಟರಿ ನೆಗೆಟಿವ್‌ಗೆ ಮುಟ್ಟಿಸಿ ನೋಡಬಹುದು. ದೀಪಗಳ ಕುಣಿತ ನಿಂತರೆ ಸಂಶಯವೇ ಬೇಡ.

ಟೇಲ್ ಲ್ಯಾಂಪಿನ ಬಲ್ಬೂ ಇದೇ ಆಟ ಆಡಿಸಬಲ್ಲದು. ಅಲ್ಲಿರುವುದು ಸಾಮಾನ್ಯವಾಗಿ 21 ಮತ್ತು 5 ವ್ಯಾಟಿನ ಎರಡು ತಂತಿಗಳ ಬಲ್ಬು. ದೊಡ್ಡದು ಬ್ರೇಕಿಗೆ, ಚಿಕ್ಕದು ಟೇಲ್‌ಗೆ. ಹೋಲ್ಡರಿನ ಅರ್ಥಿಂಗ್ ಹೋದರೆ ಬ್ರೇಕಿನ ಕರೆಂಟು ಚಿಕ್ಕ ತಂತಿಯ ಮೂಲಕ ಟೇಲ್ ಲೈನಿಗೆ ನುಗ್ಗಿ ಮೀಟರಿನ ಬೆಳಕನ್ನು ಹತ್ತಿಸುತ್ತದೆ. ಎರಡು ಕಾಂಟ್ಯಾಕ್ಟಿನ ಹೋಲ್ಡರಿಗೆ ಒಂದೇ ತಂತಿಯ ಬಲ್ಬನ್ನು ಒತ್ತಿ ಕೂರಿಸಿದರೂ ಅದೇ ಫಲ. ಹಗಲು ಹೊತ್ತು ಲೈಟ್ ಹಾಕದೆಯೇ ಬ್ರೇಕ್ ಒತ್ತಿದಾಗ ಮೀಟರ್ ಬೆಳಗಿದರೆ ಡ್ಯಾಶ್‌ಬೋರ್ಡ್ ಬಿಚ್ಚುವ ಕೆಲಸಕ್ಕೆ ಹೋಗಬೇಡಿ, ಗಾಡಿಯ ಹಿಂದಿನ ಬಲ್ಬ್ ತೆಗೆದು ನೋಡಿ.

ಫ್ಯೂಸ್ ಬಗ್ಗೆ ಹೇಳುವಾಗ ನನಗೆ ಸಿಟ್ಟೇ ಬರುತ್ತದೆ. ಸುಟ್ಟ ಫ್ಯೂಸಿಗೆ ಸಿಗರೇಟ್ ಪ್ಯಾಕಿನ ಬೆಳ್ಳಿ ಹಾಳೆ ಸುತ್ತಿ ಹಾಕುವುದು, ವೈರಿನ ಎಳೆ ಬಿಗಿಯುವುದು, 10 ಆಂಪಿಯರ್ ಇದ್ದಲ್ಲಿ 30 ತುರುಕುವುದು ಇವತ್ತಿಗೂ ನಡೆದಿದೆ. ಫ್ಯೂಸ್ ಇರುವುದು ದೀಪವನ್ನು ಕಾಯಲಿಕ್ಕಲ್ಲ, ವೈರನ್ನು ಕಾಯಲಿಕ್ಕೆ. 10 ಆಂಪಿಯರ್ ಹೊರುವ ಸಪೂರ ವೈರಿನಲ್ಲಿ 30 ಆಂಪಿಯರ್ ಹರಿದರೆ ಪ್ಲಾಸ್ಟಿಕ್ ಕರಗುತ್ತದೆ, ಪಕ್ಕದ ವೈರಿಗೆ ತಗಲುತ್ತದೆ, ಡ್ಯಾಶ್‌ಬೋರ್ಡ್ ಹಿಂದಿನ ಸ್ಪಂಜಿಗೆ ಬೆಂಕಿ ಹಿಡಿಯುತ್ತದೆ. ಬಾಗಿಲು ತೆರೆಯುವಷ್ಟು ಹೊತ್ತೂ ಸಿಗದಿರಬಹುದು. ಬ್ಲೇಡ್ ಫ್ಯೂಸಿನ ಬಣ್ಣ ನೆನಪಿಡುವುದು ಕಷ್ಟವೇನಲ್ಲ: 7.5 ಆಂಪಿಯರ್ ಕಂದು, 10 ಕೆಂಪು, 15 ನೀಲಿ, 20 ಹಳದಿ, 30 ಹಸಿರು. ಪ್ರತಿ ಫ್ಯೂಸಿನ ತಲೆಯ ಮೇಲೆ ಎರಡು ಸಣ್ಣ ತೂತುಗಳಲ್ಲಿ ಲೋಹ ಕಾಣುತ್ತದೆ. ಟೆಸ್ಟ್ ಲ್ಯಾಂಪಿನ ಕ್ಲಿಪ್ಪನ್ನು ಬಾಡಿಗೆ ಸಿಕ್ಕಿಸಿ, ಆ ಲೈನಿನ ಸ್ವಿಚ್ ಹಾಕಿ, ಚೂಪು ತುದಿಯನ್ನು ಎರಡೂ ತೂತಿಗೆ ಮುಟ್ಟಿಸಿದರೆ ಫ್ಯೂಸ್ ಕೀಳದೆಯೇ ಗೊತ್ತಾಗುತ್ತದೆ. ಎರಡೂ ಕಡೆ ಹತ್ತಿದರೆ ಫ್ಯೂಸ್ ಸರಿ, ಒಂದೇ ಕಡೆ ಹತ್ತಿದರೆ ಸುಟ್ಟಿದೆ, ಎರಡೂ ಕಡೆ ಹತ್ತದಿದ್ದರೆ ಫ್ಯೂಸಿನ ತನಕವೇ ಕರೆಂಟು ಬಂದಿಲ್ಲ.

ಹೊಸ ಫ್ಯೂಸ್ ಹಾಕಿದ ಕೂಡಲೇ ಮತ್ತೆ ಸುಟ್ಟರೆ ಎಲ್ಲೋ ವೈರು ಬಾಡಿಗೆ ತಗಲಿದೆ. ಅದನ್ನು ಹುಡುಕುವ ಹಳೆಯ ಗ್ಯಾರೇಜ್ ಉಪಾಯ ಇವತ್ತಿಗೂ ಚಂದ. ಫ್ಯೂಸಿನ ಜಾಗದಲ್ಲಿ ಒಂದು 21 ವ್ಯಾಟಿನ ಬಲ್ಬನ್ನು ಜೋಡಿಸುವುದು. ಶಾರ್ಟ್ ಇರುವಷ್ಟು ಹೊತ್ತು ಬಲ್ಬ್ ಪ್ರಖರವಾಗಿ ಉರಿಯುತ್ತದೆ, ವೈರು ಸುಡುವುದಿಲ್ಲ, ಫ್ಯೂಸ್ ಮೇಲೆ ಫ್ಯೂಸ್ ಹಾಳಾಗುವುದಿಲ್ಲ. ಆಮೇಲೆ ಆ ಲೈನಿನ ಜಾಯಿಂಟುಗಳನ್ನು ಒಂದೊಂದಾಗಿ ಬಿಡಿಸುತ್ತ ಹೋಗುವುದು. ಯಾವುದನ್ನು ಬಿಡಿಸಿದಾಗ ಬಲ್ಬ್ ಆರಿತೋ ಅಥವಾ ಮಂದವಾಯಿತೋ ಅದರಾಚೆಗಿದೆ ತೊಂದರೆ. ಅನುಭವದಲ್ಲಿ ಹೇಳುವುದಾದರೆ ಮೊದಲು ನೋಡಬೇಕಾದ್ದು ಆಮೇಲೆ ಸೇರಿಸಿದ ಸಾಮಾನುಗಳನ್ನು. ಟೇಪ್‌ರೆಕಾರ್ಡರ್, ಸೀಟಿನಡಿಯ ನೀಲಿ ಎಲ್‌ಇಡಿ ಪಟ್ಟಿ, ಹಿಂದಿನ ಬಂಪರಿನ ದೀಪ, ದೇವರ ಮೂರ್ತಿಯ ಸುತ್ತಲಿನ ಬೆಳಕು. ಇವಕ್ಕೆಲ್ಲ ಕೈಗೆ ಸಿಕ್ಕ ಪಾರ್ಕಿಂಗ್ ವೈರನ್ನೇ ಸುಲಿದು, ತಿರುವಿ, ಟೇಪ್ ಸುತ್ತಿರುತ್ತಾರೆ. ಏಪ್ರಿಲ್ ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ನಮ್ಮ ಬಿಸಿಲಿನಲ್ಲಿ ಬಾಗಿಲು ಮುಚ್ಚಿ ನಿಲ್ಲಿಸಿದ ಗಾಡಿಯೊಳಗೆ ಆ ಟೇಪಿನ ಅಂಟು ಕರಗಿ ಜಾರುತ್ತದೆ.

ಬಿಸಿಲಿನ ಜೊತೆ ಇಲಿ. ತೊಗರಿ, ಜೋಳದ ರಾಶಿ ಮುಗಿದು ಹೊಲ ಬರಿದಾದಾಗ ಇಲಿಗಳು ಮನೆ, ಕೊಟ್ಟಿಗೆ ಕಡೆ ಬರುತ್ತವೆ. ಕಣಿಕೆಯ ಬಣವೆ ಪಕ್ಕದಲ್ಲಿ ನಿಂತ ಗಾಡಿಯ ಎಂಜಿನ್ ಅವಕ್ಕೆ ಬೆಚ್ಚಗಿನ ಗೂಡು. ರಾತ್ರಿ ಕಳೆಯುವುದರೊಳಗೆ ಸೆನ್ಸರಿನ ವೈರು ಕಡಿದು, ಬೆಳಿಗ್ಗೆ ಕೀ ತಿರುವಿದರೆ ಎಂಜಿನ್ನಿನ ಹಳದಿ ದೀಪ ಹತ್ತಿ ಕೂತಿರುತ್ತದೆ. ಹೀಗೆ ಗಾಡಿ ನಿಂತಲ್ಲೇ ನಿಂತು ಹೊಸದಾಗಿ ದೀಪ ಹತ್ತಿದರೆ ಬಾನೆಟ್ ತೆಗೆದು, ಹಿಕ್ಕೆ, ಕಣಿಕೆ ಚೂರು, ಕಡಿದ ವೈರು ಕಾಣುತ್ತದೆಯೇ ಎಂದು ಟಾರ್ಚ್ ಹಿಡಿದು ನೋಡುವುದು ಮೊದಲ ಕೆಲಸ.

ಭೀಮಾ ದಂಡೆಯವರಿಗೆ ನೀರಿನ ಕಾಟವೂ ಇದೆ. 2020ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರದ ಉಜನಿ ಜಲಾಶಯದಿಂದ ನೀರು ಬಿಟ್ಟು ಹೊಳೆ ಉಕ್ಕಿದಾಗ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಎಷ್ಟೋ ಹಳ್ಳಿಗಳು ಮುಳುಗಿದವು. ಅಂಥ ನೀರಲ್ಲಿ ನೆನೆದ ಗಾಡಿ ಒಣಗಿ ಸ್ಟಾರ್ಟ್ ಆದ ಮಾತ್ರಕ್ಕೆ ಉಳಿಯಿತೆಂದು ಅರ್ಥವಲ್ಲ. ಕಾಲಡಿಯ ಹಾಸು, ಅದರ ಕೆಳಗಿನ ನಾರು ತಿಂಗಳುಗಟ್ಟಲೆ ತೇವ ಹಿಡಿದಿರುತ್ತದೆ. ವೈರಿನ ಕನೆಕ್ಟರುಗಳೂ ಅರ್ಥಿಂಗ್ ಬೋಲ್ಟುಗಳೂ ಇರುವುದು ಅಲ್ಲೇ. ತಾಮ್ರಕ್ಕೆ ಕಿಲುಬು ನಿಧಾನಕ್ಕೆ ಹಿಡಿಯುತ್ತದೆ, ಮೀಟರಿನ ದೀಪಗಳು ಆರು ತಿಂಗಳ ಮೇಲೆ ಕಣ್ಣುಮುಚ್ಚಾಲೆ ಶುರು ಮಾಡುತ್ತವೆ. ನೆನೆದ ಗಾಡಿಯ ಹಾಸು ಪೂರಾ ಕಿತ್ತು ಬಿಸಿಲಿಗೆ ಒಣಗಿಸಿ, ಕನೆಕ್ಟರುಗಳನ್ನು ಬಿಡಿಸಿ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಮತ್ತೆ ಸೇರಿಸಿದವರು ಈ ತಾಪತ್ರಯದಿಂದ ಪಾರಾಗುತ್ತಾರೆ.

ಈಗ ಎಚ್ಚರಿಕೆಯ ದೀಪಗಳು. ಕೀಯನ್ನು ಸ್ಟಾರ್ಟ್ ಮಾಡುವ ಮುಂಚಿನ ಹಂತಕ್ಕೆ ತಿರುವಿದಾಗ ಎಚ್ಚರಿಕೆಯ ದೀಪಗಳು ಒಮ್ಮೆ ಹತ್ತಬೇಕು. ಏರ್‌ಬ್ಯಾಗ್, ಎಬಿಎಸ್ ದೀಪಗಳು ಕೆಲವೇ ಸೆಕೆಂಡಿಗೆ ಆರುತ್ತವೆ. ಆಯಿಲ್, ಬ್ಯಾಟರಿ, ಎಂಜಿನ್ ದೀಪಗಳು ಗಾಡಿ ಸ್ಟಾರ್ಟ್ ಆದ ಮೇಲೆ ಆರುತ್ತವೆ. ಇದು ದೀಪಗಳು ತಾವು ಬದುಕಿದ್ದೇವೆ ಎಂದು ಹಾಜರಿ ಹೇಳುವ ಹೊತ್ತು, ಆದರೆ ನಾವು ಒಂದೇ ಉಸಿರಿಗೆ ಕೀ ತಿರುವಿ ಗಾಡಿ ಎಬ್ಬಿಸುತ್ತೇವೆ. ಹತ್ತಿ ಉಳಿದ ದೀಪ ಎಲ್ಲರ ಕಣ್ಣಿಗೆ ಬೀಳುತ್ತದೆ. ಹತ್ತಲೇ ಇಲ್ಲದ ದೀಪವನ್ನು ಗಮನಿಸುವವರು ಕಡಿಮೆ, ನನ್ನ ಪ್ರಕಾರ ಅದೇ ಹೆಚ್ಚು ಅಪಾಯದ್ದು. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವಾಗಂತೂ ಕೀ ಆನ್ ಮಾಡಿ ಹತ್ತು ಸೆಕೆಂಡ್ ಕಾಯಲೇಬೇಕು. ಕಾಯಿಲೆ ಮುಚ್ಚಿಡಲು ಬಲ್ಬ್ ಕಿತ್ತವರು, ಹಿಂದಿನಿಂದ ಕಪ್ಪು ಟೇಪ್ ಅಂಟಿಸಿದವರು, ಏರ್‌ಬ್ಯಾಗ್ ದೀಪದ ವೈರನ್ನು ಬ್ಯಾಟರಿ ದೀಪಕ್ಕೆ ಜೋಡಿಸಿದವರೂ ಇದ್ದಾರೆ. ಏರ್‌ಬ್ಯಾಗ್ ದೀಪ ಸ್ಟಾರ್ಟ್ ಮಾಡಿದ ಕ್ಷಣಕ್ಕೆ ಸರಿಯಾಗಿ ಬ್ಯಾಟರಿ ದೀಪದ ಜೊತೆಗೇ ಆರಿದರೆ ಅನುಮಾನ ಪಡಿ. ಅದಕ್ಕೆ ಅದರದೇ ಆದ ಲೆಕ್ಕವಿರುತ್ತದೆ, ಎಂಜಿನ್ ಎದ್ದರೂ ಏಳದಿದ್ದರೂ ಅದು ತನ್ನ ಸಮಯಕ್ಕೇ ಆರಬೇಕು.

ಇವುಗಳಲ್ಲಿ ಬ್ಯಾಟರಿ ಗುರುತಿನ ಕೆಂಪು ದೀಪ ಬಹಳ ಜಾಣ. ಅದು ಬ್ಯಾಟರಿಯ ಆರೋಗ್ಯ ಹೇಳುತ್ತದೆಂದು ತಿಳಿದು ಎಷ್ಟೋ ಜನ ಹೊಸ ಬ್ಯಾಟರಿ ಹಾಕಿಸಿಕೊಳ್ಳುತ್ತಾರೆ. ಅದು ಹೇಳುವುದು ಚಾರ್ಜಿಂಗ್ ಬಗ್ಗೆ, ಅಂದರೆ ನಮ್ಮ ಗ್ಯಾರೇಜುಗಳಲ್ಲಿ ಇನ್ನೂ ಡೈನಮೊ ಎಂದೇ ಕರೆಯುವ ಆಲ್ಟರ್ನೇಟರ್ ಬಗ್ಗೆ. ಹಳೆಯ ಮಾದರಿಯ ಗಾಡಿಗಳಲ್ಲಿ ಈ ಬಲ್ಬಿನ ಒಂದು ಬದಿಗೆ ಕೀ ಮೂಲಕ ಬ್ಯಾಟರಿಯ ಕರೆಂಟು, ಇನ್ನೊಂದು ಬದಿಗೆ ಆಲ್ಟರ್ನೇಟರ್. ಎಂಜಿನ್ ನಿಂತಿದ್ದಾಗ ಆಲ್ಟರ್ನೇಟರ್ ಕಡೆ ವೋಲ್ಟೇಜ್ ಇರುವುದಿಲ್ಲ, ಬಲ್ಬ್ ಹತ್ತುತ್ತದೆ. ಅದು ತಿರುಗಿ ಚಾರ್ಜ್ ಮಾಡತೊಡಗಿದಾಗ ಎರಡೂ ಬದಿ ಸಮ ಆಗಿ ಬಲ್ಬ್ ಆರುತ್ತದೆ. ಹೆಡ್‌ಲೈಟ್, ಫ್ಯಾನ್ ಹಾಕಿದಾಗ ರಾತ್ರಿ ಈ ದೀಪ ಕೆಂಡದಷ್ಟು ಮಂದವಾಗಿ ಬೆಳಗಿದರೆ ಎರಡೂ ಬದಿ ಸಮ ಆಗುತ್ತಿಲ್ಲ ಎಂದರ್ಥ. ಆಲ್ಟರ್ನೇಟರಿನೊಳಗೆ ಒಂದು ಡಯೋಡ್ ಹೋಗಿರಬಹುದು, ಕೀ ಸ್ವಿಚ್ಚಿನ ಕಾಂಟ್ಯಾಕ್ಟ್ ಸವೆದಿರಬಹುದು. ಗಾಡಿ ಓಡುತ್ತಿದೆಯಲ್ಲ ಎಂದು ಬಿಟ್ಟರೆ ಕೆಲ ದಿನಗಳಲ್ಲಿ ನಡುದಾರಿಯಲ್ಲಿ ನಿಲ್ಲುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಆಲ್ಟರ್ನೇಟರ್ ಮೊದಲ ಬಾರಿ ಎಚ್ಚರಗೊಳ್ಳಲು ಬೇಕಾದ ಅಲ್ಪ ಕರೆಂಟು ಹರಿಯುವುದು ಇದೇ ಬಲ್ಬಿನ ಮೂಲಕ. 3 ವ್ಯಾಟಿನ ಬಲ್ಬಾದರೆ ಸುಮಾರು ಕಾಲು ಆಂಪಿಯರ್. ಬಲ್ಬ್ ಸುಟ್ಟರೆ ಅದೂ ನಿಲ್ಲುತ್ತದೆ, ಚೆನ್ನಾಗಿರುವ ಆಲ್ಟರ್ನೇಟರ್ ಕೂಡ ಚಾರ್ಜ್ ಮಾಡದೆ ಸುಮ್ಮನೆ ತಿರುಗಬಹುದು. ಎಚ್ಚರಿಸಬೇಕಾದ ದೀಪವೇ ಸತ್ತಿರುವುದರಿಂದ ಚಾಲಕನಿಗೂ ತಿಳಿಯುವುದಿಲ್ಲ. ಮೀಟರಿನ ಎಲ್ಲ ಬಲ್ಬುಗಳನ್ನು ಬಣ್ಣದ ಎಲ್‌ಇಡಿಗೆ ಬದಲಾಯಿಸಿದ ಮೇಲೆ ‘ಬ್ಯಾಟರಿ ಡೌನ್ ಆಗಾಕತ್ಯಾದ’ ಎಂದು ಬರುವವರ ಕಥೆಯೂ ಇದೇ. ಎಲ್‌ಇಡಿ ಹರಿಯಬಿಡುವ ಕರೆಂಟು ಬಹಳ ಕಡಿಮೆ, ಹಳೆಯ ಆಲ್ಟರ್ನೇಟರಿಗೆ ಅದು ಸಾಲದು. ಬೆಳಕಿನ ಬಲ್ಬುಗಳಿಗೆ ಎಲ್‌ಇಡಿ ಹಾಕಿಸಿ, ತೊಂದರೆಯಿಲ್ಲ. ಹತ್ತದಿದ್ದರೆ ತಿರುಗಿಸಿ ಕೂರಿಸಿ, ಎಲ್‌ಇಡಿಗೆ ಪ್ಲಸ್ ಮೈನಸ್ ಭೇದವಿದೆ. ಬ್ಯಾಟರಿ ಗುರುತಿನ ಜಾಗದಲ್ಲಿ ಮಾತ್ರ ಕಂಪನಿ ಹಾಕಿದ ಬಲ್ಬೇ ಇರಲಿ.

ಚಾರ್ಜಿಂಗ್ ಸರಿಯಿದೆಯೇ ಎಂದು ತಿಳಿಯಲು ಬ್ಯಾಟರಿಯ ಎರಡು ಮೊಳೆಗಳಿಗೆ ಮಲ್ಟಿಮೀಟರ್ ಹಿಡಿದರೆ ಸಾಕು. ರಾತ್ರಿಯಿಡೀ ನಿಂತ ಗಾಡಿಯಲ್ಲಿ 12.6 ವೋಲ್ಟಿನ ಆಸುಪಾಸು ಬಂದರೆ ಬ್ಯಾಟರಿ ತುಂಬಿದೆ, 12ಕ್ಕಿಂತ ಕೆಳಗಿದ್ದರೆ ಬರಿದಾಗಿದೆ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5 ಇರಬೇಕು. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ, ಬಲ್ಬುಗಳು ಒಂದರ ಹಿಂದೊಂದು ಸುಡುತ್ತಿದ್ದರೆ ಕಾರಣ ಇದೇ ಇರಬಹುದು. ಬ್ಯಾಟರಿ ಸತ್ತಾಗ ಕಬ್ಬಿನ ಲಾರಿಯಿಂದ ಕೇಬಲ್ ಎಳೆದು ಸ್ಟಾರ್ಟ್ ಮಾಡುವ ದುಡುಕು ಬೇಡ. ದೊಡ್ಡ ಲಾರಿ, ಟಿಪ್ಪರ್‌ಗಳಲ್ಲಿ ಎರಡು ಬ್ಯಾಟರಿ ಜೋಡಿಸಿ 24 ವೋಲ್ಟ್ ಮಾಡಿರುತ್ತಾರೆ. ಕಾರಿನ ಮೀಟರೂ ಕಂಪ್ಯೂಟರೂ ಒಂದೇ ಕ್ಷಣಕ್ಕೆ ಹೋಗಬಹುದು.

ಎಲ್ಲ ದೀಪವೂ ವೈರಿಂಗ್ ದೋಷವಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಆಯಿಲ್ ಡಬ್ಬಿಯ ಕೆಂಪು ದೀಪ ಓಡುವಾಗ ಹತ್ತಿದರೆ ತಕ್ಷಣ ಎಂಜಿನ್ ಆಫ್ ಮಾಡಬೇಕು. ಆಯಿಲ್ ಅಳೆದು ನೋಡಿ, ಒತ್ತಡ ಸರಿಯಿದೆಯೆಂದು ಖಾತ್ರಿಯಾದ ಮೇಲಷ್ಟೇ ಸ್ವಿಚ್ಚಿನ ವೈರನ್ನು ಅನುಮಾನಿಸಬೇಕು. ಟೆಂಪರೇಚರ್ ದೀಪಕ್ಕೂ ಇದೇ ಮಾತು, ಬಿಸಿ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಬೇಡಿ. ಬ್ರೇಕಿನ ಕೆಂಪು ದೀಪ ಕೈಬ್ರೇಕ್ ಇಳಿಸಿದರೂ ಹತ್ತಿದ್ದರೆ ಬ್ರೇಕ್ ಆಯಿಲ್ ಕಡಿಮೆಯಾಗಿರಬಹುದು. ಡೀಸೆಲ್ ಗಾಡಿಯಲ್ಲಿ ಫಿಲ್ಟರಿನ ನೀರಿನ ದೀಪ ಹತ್ತಿದರೆ, ಟ್ರ್ಯಾಕ್ಟರಿಗೆಂದು ಬ್ಯಾರಲ್‌ನಲ್ಲಿಟ್ಟ ಡೀಸೆಲನ್ನು ಇದಕ್ಕೂ ಹಾಕಿದ್ದೀರಾ ಎಂದು ನೆನಪಿಸಿಕೊಳ್ಳಿ.

ಡ್ಯಾಶ್‌ಬೋರ್ಡಿಗೆ ಗುದ್ದಿದರೆ ಹತ್ತುವ ಮೀಟರ್‌ಗಳೂ ಇವೆ. ಅವುಗಳ ಒಳಗೆ, ಹಿಂದಿನ ಕನೆಕ್ಟರ್ ಸೇರುವ ಕಡೆ, ಬೆಸುಗೆ ಬಿರುಕು ಬಿಟ್ಟಿರುತ್ತದೆ. ಬಿಸಿಲು, ಚಳಿ, ತಗ್ಗು ದಿನ್ನೆಯ ಕುಲುಕಾಟ ಅದಕ್ಕೆ ಕಾರಣ. ಟಿವಿ, ಮೊಬೈಲ್ ರಿಪೇರಿ ಮಾಡುವ ಒಳ್ಳೆಯ ಕೈಯವರು ಭೂತಗನ್ನಡಿ ಹಿಡಿದು ಮತ್ತೆ ಬೆಸೆದರೆ ಸರಿಹೋಗುತ್ತದೆ. ಹಳೆಯ ಮಾರುತಿ 800, ಓಮ್ನಿಗಳ ಮೀಟರ್ ಬೆನ್ನಿಗೆ ತೆಳು ಪ್ಲಾಸ್ಟಿಕ್ ಹಾಳೆಯ ಮೇಲೆ ತಾಮ್ರದ ಗೆರೆಗಳಿರುತ್ತವೆ. ಬಲ್ಬ್ ಹೋಲ್ಡರನ್ನು ಒತ್ತಿ ತಿರುವಿದರೆ ಆ ಗೆರೆ ಕಿತ್ತು ಬರುತ್ತದೆ. ಅವಸರ ಮಾಡಬಾರದು.

ಹೊಸ ಕಾಲದ ಗಾಡಿಗಳಲ್ಲಿ ಪ್ರತಿ ದೀಪಕ್ಕೂ ಒಂದೊಂದು ವೈರು ಇರುವುದಿಲ್ಲ. ಬಾಷ್ ಕಂಪನಿ 1986ರಲ್ಲಿ ಹೊರತಂದ ಕ್ಯಾನ್ ಎಂಬ ವ್ಯವಸ್ಥೆಯಲ್ಲಿ ಹೆಣೆದ ಎರಡು ವೈರುಗಳ ಮೇಲೆ ಎಂಜಿನ್, ಬ್ರೇಕ್, ಏರ್‌ಬ್ಯಾಗ್ ಕಂಪ್ಯೂಟರುಗಳು ಮೀಟರಿನ ಜೊತೆ ಮಾತಾಡುತ್ತವೆ. ಆ ಮಾತು ನಿಂತರೆ ಇದ್ದಬದ್ದ ದೀಪಗಳೆಲ್ಲ ಒಮ್ಮೆಗೇ ಹತ್ತಿ ಮುಳ್ಳುಗಳು ಸೊನ್ನೆಗೆ ಬೀಳುತ್ತವೆ. ನೋಡಿದವರ ಎದೆ ಧಸಕ್ಕೆನ್ನುತ್ತದೆ. ಆದರೆ ಹತ್ತು ಭಾಗಗಳು ಒಟ್ಟಿಗೆ ಕೆಟ್ಟಿರುವುದಿಲ್ಲ. ಮೊದಲು ಬ್ಯಾಟರಿ ಮೊಳೆಗಳ ಬಿಗಿ, ವೋಲ್ಟೇಜ್, ಅರ್ಥಿಂಗ್ ನೋಡಬೇಕು, ಆಮೇಲೆ ಆ ಎರಡು ವೈರು. ಬ್ಯಾಟರಿ ಬಿಡಿಸಿ ಅವೆರಡರ ನಡುವೆ ಓಮ್ ಅಳೆದರೆ ಸಾಮಾನ್ಯವಾಗಿ 60 ಬರಬೇಕು. 120 ಬಂದರೆ ಎಲ್ಲೋ ತುಂಡಾಗಿದೆ. ಇದಕ್ಕೆ ಟೆಸ್ಟ್ ಲ್ಯಾಂಪ್ ಬಳಸಬಾರದು, ಅದರ ಬಲ್ಬ್ ಎಳೆಯುವ ಕರೆಂಟನ್ನು ಕಂಪ್ಯೂಟರ್ ತಾಳುವುದಿಲ್ಲ. ಹಳದಿ ಬಣ್ಣದ ಏರ್‌ಬ್ಯಾಗ್ ಕನೆಕ್ಟರಿಗಂತೂ ಟೆಸ್ಟ್ ಲ್ಯಾಂಪೂ ಬೇಡ, ಮಲ್ಟಿಮೀಟರೂ ಬೇಡ. ಮುಖದೆದುರು ಏರ್‌ಬ್ಯಾಗ್ ಸಿಡಿದೀತು. ಸೀಟು ಹಿಂದೆ ಮುಂದೆ ಸರಿಸಿದಾಗ ಆ ದೀಪ ಹತ್ತಿದರೆ ಸೀಟಿನಡಿಯ ಕನೆಕ್ಟರ್ ಸಡಿಲವಾಗಿದೆ ಎಂದು ತಿಳಿಸಿ, ಬಲ್ಲವರ ಕೈಗೇ ಕೊಡಿ. ಎಬಿಎಸ್ ದೀಪ ಮಳೆಗಾಲದಲ್ಲಿ ಹೊಲದ ದಾರಿ ತುಳಿದು ಬಂದ ಮೇಲೆ ಹತ್ತಿದ್ದರೆ ಚಕ್ರದ ಒಳಬದಿ ನೀರು ಹೊಡೆದು ತೊಳೆಯಿರಿ, ಎರೆಮಣ್ಣು ಸೆನ್ಸರನ್ನು ಮೆತ್ತಿರಬಹುದು.

ಎಂಜಿನ್ನಿನ ಹಳದಿ ದೀಪದ ಕಾರಣ ಓದಲು ಸ್ಕ್ಯಾನರ್ ಬೇಕು. ಸ್ಟೀರಿಂಗ್ ಕೆಳಗಿರುವ 16 ಪಿನ್ನಿನ ಸಾಕೆಟ್ಟಿಗೆ ಸಿಕ್ಕಿಸಿ ಮೊಬೈಲಿನಲ್ಲೇ ಓದುವ ಚಿಕ್ಕ ಸಾಧನಗಳು ಬಂದಿವೆ. ಕಂಪನಿ ವರ್ಕ್‌ಶಾಪ್ ಬೇಕೆಂದರೆ 40ರಿಂದ 60 ಕಿ.ಮೀ. ಆಸುಪಾಸಿನ ಕಲಬುರಗಿಗೆ ಹೋಗಬೇಕಾದ ಅಫಜಲಪುರ, ಆಳಂದ, ಜೇವರ್ಗಿ ಈ ನಮ್ಮ ಮೂರೂ ತಾಲ್ಲೂಕಿನ ವೈರಿಂಗ್ ಅಂಗಡಿಗಳಿಗೆ ಇಂಥ ಸ್ಕ್ಯಾನರ್ ಈಗ ಪಾನಾ, ಕಟಿಂಗ್ ಪ್ಲೇಯರ್‌ನಷ್ಟೇ ಅಗತ್ಯ. ಐಟಿಐ ಮುಗಿಸಿ ಬರುವ ಹುಡುಗರಿಗೆ ಇದನ್ನು ಕೈಗೆ ಕೊಟ್ಟು ಕಲಿಸಬೇಕು. ಸ್ಕ್ಯಾನರ್ ಒಂದು ಅಕ್ಷರ, ನಾಲ್ಕು ಅಂಕಿಗಳ ಸಂಕೇತ ತೋರಿಸುತ್ತದೆ. ಅದು ಯಾವ ಲೈನಿನಲ್ಲಿ ತೊಂದರೆ ಎಂದು ಹೇಳುತ್ತದೆಯೇ ಹೊರತು ಯಾವ ಸಾಮಾನು ಬದಲಿಸಬೇಕೆಂದು ಹೇಳುವುದಿಲ್ಲ. ಸೆನ್ಸರಿನ ಸಂಕೇತ ಬಂದರೆ ಸೆನ್ಸರ್ ಕೆಟ್ಟಿರಬಹುದು, ಅದರ ವೈರನ್ನು ಇಲಿ ಕಡಿದಿರಬಹುದು. ಬ್ಯಾಟರಿ ಬಿಚ್ಚಿ ಮತ್ತೆ ಹಾಕಿ ದೀಪ ಆರಿಸಿ ಕಳಿಸುವವರಿದ್ದಾರೆ. ಸಂಕೇತ ಅಳಿಸಿದರೆ ರೋಗದ ಗುರುತೇ ಅಳಿದುಹೋಗುತ್ತದೆ, ಎರಡು ದಿನಕ್ಕೆ ದೀಪ ಮತ್ತೆ ಹತ್ತುತ್ತದೆ. ಅಳಿಸುವ ಮುನ್ನ ಆ ಸಂಕೇತವನ್ನು ಬರೆಸಿಕೊಳ್ಳಿ. ಅದರ ಕೆಳಗೆ ದೀಪ ಯಾವಾಗ ಹತ್ತಿತು, ಆಗ ಯಾವ ಸ್ವಿಚ್ ಹಾಕಿದ್ದಿರಿ, ಗಾಡಿ ಬಿಸಿಯಾಗಿತ್ತೋ ತಣ್ಣಗಿತ್ತೋ, ಮಳೆ ಬಂದಿತ್ತೋ ಇಲ್ಲವೋ ಎಂಬುದನ್ನೂ ಬರೆದು ಆರ್‌ಸಿ ಜೊತೆಗೆ ಇಟ್ಟುಕೊಳ್ಳಿ. ಮುಂದೆ ಯಾವ ಉಸ್ತಾದನ ಬಳಿ ಹೋದರೂ ಆತ ಮೊದಲು ಕೇಳುವುದು ಇಷ್ಟನ್ನೇ.